ಅಳತೆ ಪುಸ್ತಕದಲ್ಲಿ ಅಮ್ಮ ಇರಲಿಲ್ಲ

ನನ್ನ ಪುಸ್ತಕ ಓದಿದವರು ಸಿಕ್ಕಾಗ ಮೊದಲು ಕೇಳುವ ಪ್ರಶ್ನೆ ಒಂದೇ. ‘ಮೇಡಂ, ನಿಮಗೆ ಇಷ್ಟೆಲ್ಲ ಹೇಗೆ ನೆನಪಿದೆ?’ ಇವತ್ತು ಅಲ್ಲಿಂದಲೇ ಶುರು ಮಾಡುತ್ತೇನೆ. ನಿಮ್ಮಲ್ಲಿ ಎಷ್ಟೋ ಜನ ಬರೆಯಬೇಕು ಅಂದುಕೊಂಡೂ ಬರೆಯದೇ ಇರುವುದು ಇದೇ ಕಾರಣಕ್ಕೆ ಅಂತ ಗೊತ್ತು. ನಮಗೆ ಅಷ್ಟೊಂದು ನೆನಪಿಲ್ಲ ಅಂತ ಹಿಂಜರಿಯುತ್ತೀರಿ.

ನನಗೂ ನೆನಪಿರಲಿಲ್ಲ. ಇದನ್ನು ವಿನಯಕ್ಕೆ ಹೇಳುತ್ತಿಲ್ಲ. 33 ವರ್ಷ ಸರ್ಕಾರಿ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ, 2020ರಲ್ಲಿ ನಿವೃತ್ತಿಯಾಗಿ ಬರೆಯಲು ಕೂತಾಗ ನನ್ನ ಹತ್ತಿರ ಇದ್ದದ್ದು ನಾಲ್ಕೈದು ಚಿತ್ರ ಮಾತ್ರ. ತಿಪಟೂರಿನ ಬಿ.ಎಚ್. ರಸ್ತೆಯಿಂದ ಒಳಗೆ ತಿರುಗಿದರೆ ಒಂದು ಅಡ್ಡರಸ್ತೆ, ಅಲ್ಲಿ ಅಪ್ಪನ ಟೈಲರ್ ಅಂಗಡಿ. ಇಸ್ತ್ರಿ ಪೆಟ್ಟಿಗೆಯ ಇದ್ದಿಲು ಕೆಂಪಾಗಲಿ ಅಂತ ಬಾಗಿಲಲ್ಲಿ ನಿಂತು ಅದನ್ನು ಹಿಂದಕ್ಕೂ ಮುಂದಕ್ಕೂ ತೂಗುವ ಅಣ್ಣ. ಅರಸೀಕೆರೆ ಕಡೆ ಹೋಗುವ ರೈಲಿನ ಕೂಗು. ತೊಡೆ ಮೇಲೆ ಅಂಗಿ ಹರಡಿಕೊಂಡು ಕಾಜ, ಅಂದರೆ ಗುಂಡಿ ತೂರಿಸುವ ತೂತು, ಹಾಕುತ್ತಾ ಕೂತ ಅಮ್ಮ. ಇಷ್ಟೇ. ಇದರಲ್ಲಿ ಎರಡು ಪುಟ ಬರೆಯಬಹುದು. ನಾನೂ ಎರಡು ಪುಟ ಬರೆದು ನಿಂತೆ.

ಆಮೇಲೆ ಅಣ್ಣನ ಮನೆಯ ಟ್ರಂಕಿನಿಂದ ಅಪ್ಪನ ಅಳತೆ ಪುಸ್ತಕ ತಂದೆ. ಅಪ್ಪ 2004ರಲ್ಲಿ ಹೋದ ಮೇಲೆ ಅದನ್ನು ಯಾರೂ ತೆಗೆದಿರಲಿಲ್ಲ. ಉದ್ದನೆಯ ಲೆಕ್ಕದ ಪುಸ್ತಕ, ಕೆಂಪು ಬಟ್ಟೆಯ ಬೆನ್ನು. ಒಂದು ಸಾಲಿಗೆ ಒಬ್ಬ ಗಿರಾಕಿ. ಹೆಸರು, ಊರು. ಪ್ಯಾಂಟಾದರೆ ಉದ್ದ, ಸೊಂಟ, ಸೀಟು, ತೊಡೆ, ಬಾಟಂ. ಅಂಗಿಯಾದರೆ ಉದ್ದ, ಶೋಲ್ಡರ್, ತೋಳು, ಎದೆ, ಕಾಲರ್. ಸಾಲಿನ ಕೊನೆಗೆ ಬಟ್ಟೆಯ ಸಣ್ಣ ಚೂರನ್ನು ಗುಂಡುಸೂಜಿಯಲ್ಲಿ ಚುಚ್ಚಿಟ್ಟಿರುತ್ತಿದ್ದರು, ಯಾರ ಬಟ್ಟೆ ಯಾವುದು ಅಂತ ತಿಳಿಯಲಿಕ್ಕೆ. ಸೂಜಿಗಳು ತುಕ್ಕು ಹಿಡಿದು ಒಂದೊಂದು ಸಾಲಿನ ಪಕ್ಕವೂ ಕಂದು ಚುಕ್ಕೆ. ಕೆಲವು ಕಡೆ ಬಟ್ಟೆ ಉದುರಿಹೋಗಿ ಚುಕ್ಕೆ ಮಾತ್ರ ಉಳಿದಿದೆ. ನಡುವೆ ಅಪ್ಪನ ಮಾತು: ‘ಮದುವೆ’, ‘ಅರ್ಜೆಂಟ್’, ‘ಬಾಕಿ 4’, ‘ಕೊಬ್ಬರಿ ಮಾರಿದ ಮೇಲೆ’.

ಈ ಕೊನೆಯ ಮಾತು ನಮ್ಮ ಕಡೆಯವರಿಗೆ ತಕ್ಷಣ ಗೊತ್ತಾಗುತ್ತದೆ. ತಿಪಟೂರು ಅಂದರೆ ಕೊಬ್ಬರಿ. ಸುತ್ತಮುತ್ತಲ ಹಳ್ಳಿಯ ರೈತನ ಕೈಯಲ್ಲಿ ದುಡ್ಡು ಆಡುವುದು ಕೊಬ್ಬರಿ ಮಾರಿದಾಗ. ಮಗಳ ಮದುವೆ, ಹಬ್ಬದ ಬಟ್ಟೆ, ಟೈಲರ್ ಬಾಕಿ, ಎಲ್ಲವೂ ಅದಕ್ಕೇ ಕಾಯಬೇಕು.

ಪುಸ್ತಕದಲ್ಲಿ ತಾರೀಕು ಎಲ್ಲ ಕಡೆ ಇಲ್ಲ. ಆದರೆ ಬಾಟಂ ನೋಡಿ ವರ್ಷ ಹೇಳಬಹುದು. 14, 15 ಅಂತ ಇದ್ದ ಅಂಕಿ ಪುಟ ತಿರುಗಿಸುತ್ತಾ ಹೋದಂತೆ 20 ಆಗುತ್ತದೆ, 24 ಆಗುತ್ತದೆ. ಒಬ್ಬ ಕಾಲೇಜು ಹುಡುಗನದು 28. ಬೆಲ್ ಬಾಟಂ ಬಂದಿದೆ ಅಂತ ಅರ್ಥ, ಎಪ್ಪತ್ತರ ದಶಕದ ನಡುಭಾಗ. ಆಮೇಲೆ ಮತ್ತೆ ಇಳಿಯುತ್ತದೆ. ಇಡೀ ಊರಿನ ಹುಡುಗರು ಒಟ್ಟಿಗೇ ದೊಡ್ಡವರಾದದ್ದು ಆ ಒಂದು ಕಾಲಂನಲ್ಲಿ ಕಾಣುತ್ತದೆ.

ಒಂದು ಸಾಲಿನ ಬಗ್ಗೆ ಹೇಳುತ್ತೇನೆ. ನಮಗೆ ಲೆಕ್ಕ ಹೇಳಿಕೊಡುತ್ತಿದ್ದ ಒಬ್ಬ ಮೇಷ್ಟ್ರು ಇದ್ದರು. ಊರು, ಹೆಸರು ಹೇಳುವುದಿಲ್ಲ. ತುಂಬಾ ಹೊಡೆಯುತ್ತಿದ್ದರು. ನನ್ನ ಅಂಗೈ ಮೇಲೆ ಬಿದ್ದ ಏಟು ಇವತ್ತಿಗೂ ನೆನಪಿದೆ, ಹಾಗಾಗಿ ಅವರ ಬಗ್ಗೆ ಸಿಟ್ಟಿನಿಂದಲೇ ಬರೆದಿದ್ದೆ. ಅಳತೆ ಪುಸ್ತಕದಲ್ಲಿ ಅವರು ಮೂರು ಸಲ ಬರುತ್ತಾರೆ. ಸೊಂಟ 34. ಒಂದೆರಡು ವರ್ಷಕ್ಕೆ 32. ಆಮೇಲೆ 29. ಮೂರನೇ ಸಲ ಹೊಸ ಬಟ್ಟೆಯಲ್ಲ, ಹಳೇ ಪ್ಯಾಂಟನ್ನೇ ಹಿಡಿಸಿಕೊಂಡು ಹೋಗಿದ್ದಾರೆ. ‘ಹಿಡಿಯುವುದು’ ಅಂತ ಅಪ್ಪ ಬರೆದಿದ್ದಾರೆ.

ಆ 29 ನೋಡಿದ ಮೇಲೆ ಸಿಟ್ಟಿನ ಪುಟವನ್ನು ಹಾಗೇ ಬಿಡಲು ಆಗಲಿಲ್ಲ. ಅವರ ಮಗಳನ್ನು ಹುಡುಕಿ ಫೋನ್ ಮಾಡಿದೆ. ಆ ವರ್ಷಗಳಲ್ಲಿ ಅವರಿಗೆ ಕ್ಷಯ ಇತ್ತಂತೆ. ಗೊತ್ತಾದರೆ ಕೆಲಸಕ್ಕೆ ತೊಂದರೆ ಅಂತ ಮನೆಯವರು ಯಾರಿಗೂ ಹೇಳಿರಲಿಲ್ಲ. ‘ಬರೆಯಿರಿ, ಆದ್ರೆ ಹೆಸರು ಬೇಡ’ ಅಂದರು. ಏಟಿನ ಮಾತನ್ನು ನಾನು ತೆಗೆಯಲಿಲ್ಲ. ಏಟು ನಿಜ. ಸೊಂಟದ ಮೂರು ಅಂಕಿಯನ್ನು ಅದರ ಪಕ್ಕದಲ್ಲಿ ಇಟ್ಟೆ. ಅಂಕಿಗಳ ಮೇಲೆ ನನ್ನ ಕಡೆಯಿಂದ ಒಂದು ಮಾತೂ ಸೇರಿಸಲಿಲ್ಲ.

ಬರೆಯುವ ಕೆಲಸ ಹೇಗೆ ನಡೆಯುತ್ತದೆ ಅಂತ ಇಲ್ಲಿನ ವಿದ್ಯಾರ್ಥಿಗಳು ಚೀಟಿಯಲ್ಲಿ ಬರೆದು ಕೊಟ್ಟಿದ್ದಾರೆ. ಬೆಳಿಗ್ಗೆ ಐದರಿಂದ ಏಳರವರೆಗೆ ಬರೆಯುತ್ತೇನೆ. ಕೈಬರಹ. ಒಂದು ಪುಟವಾದರೆ ಒಳ್ಳೆಯ ದಿನ. ಭಾನುವಾರ ಅಣ್ಣನಿಗೆ ಫೋನಿನಲ್ಲಿ ಓದಿ ಹೇಳುತ್ತೇನೆ. ಇದು ತುಂಬಾ ಮುಖ್ಯ. ಅಣ್ಣ ಸಾಹಿತ್ಯ ಓದುವವನಲ್ಲ, ಅಂಗಡಿಯಲ್ಲಿ ಅಪ್ಪನ ಜೊತೆ ಕೂತು ಹೊಲಿದವನು. ಒಂದು ಭಾನುವಾರ ‘ಅಪ್ಪ ಮೂರು ಗಜ ಬಟ್ಟೆ ಹರಡಿ ಕತ್ತರಿ ಹಿಡಿದರು’ ಅಂತ ಓದಿದೆ. ಅಣ್ಣ ತಡೆದ. ‘ಗಜ ಎಲ್ಲಿತ್ತೇ ಆಗ? ಮೀಟರ್ ಬಂದಾಗಿತ್ತು.’ ನಿಜ. ಮೆಟ್ರಿಕ್ ಅಳತೆಯ ಕಾನೂನು ಬಂದದ್ದು 1956ರಲ್ಲಿ. ಅರವತ್ತರ ದಶಕದ ಶುರುವಿನಲ್ಲಿ ಬಟ್ಟೆ ಅಂಗಡಿಗಳಿಗೂ ಮೀಟರ್ ಕಡ್ಡಾಯ ಆಯಿತು. ನಾನು ಬರೆಯುತ್ತಿದ್ದದ್ದು 1974ರ ಬಗ್ಗೆ. ಬಟ್ಟೆ ಬರುತ್ತಿದ್ದದ್ದು ಮೀಟರಿನಲ್ಲಿ, ಅಪ್ಪನ ಟೇಪು ಮಾತ್ರ ಇಂಚಿನದು. ಇವತ್ತಿಗೂ ಟೈಲರುಗಳು ಇಂಚಿನಲ್ಲೇ ಅಳೆಯುತ್ತಾರೆ, ಅಲ್ವಾ?

ಹಾಗಾದರೆ ಗಜ ನನ್ನ ಬರಹಕ್ಕೆ ಎಲ್ಲಿಂದ ಬಂತು? ಕಿವಿಗೆ ಚೆನ್ನಾಗಿತ್ತು, ಹಳೇ ಕಾಲದ ಹಾಗೆ ಕೇಳಿಸುತ್ತಿತ್ತು, ಅದಕ್ಕೇ ಬಂತು. ನನ್ನ ತಪ್ಪುಗಳಲ್ಲಿ ಮುಕ್ಕಾಲು ಪಾಲು ಹೀಗೇ ಬಂದಿವೆ. ನೆನಪಿಲ್ಲದ ಕಡೆ ತಪ್ಪಿದ್ದು ಕಡಿಮೆ. ವಾಕ್ಯ ಚೆಂದ ಆದ ಕಡೆ ತಪ್ಪಿದ್ದೇ ಜಾಸ್ತಿ. ಮುಂದೆ ಇದಕ್ಕೆ ಮತ್ತೆ ಬರುತ್ತೇನೆ.

ಅಣ್ಣನ ಜೊತೆ ಇನ್ನೊಂದು ಜಗಳ ಇತ್ತು. ಅಪ್ಪ ಮಕ್ಕಳ ಮೇಲೆ ಯಾವತ್ತೂ ಕೈ ಎತ್ತಿದವರಲ್ಲ ಅಂತ ಬರೆದಿದ್ದೆ. ಫೋನಿನ ಆ ಕಡೆ ಅಣ್ಣ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ನಿನ್ನ ಮೇಲೆ ಎತ್ತಿಲ್ಲ’ ಅಂದ. ನನಗೆ ಐವತ್ತು ವರ್ಷ ಗೊತ್ತಿರಲಿಲ್ಲ. ಒಂದೇ ಮನೆ, ಒಂದೇ ಚಾಪೆ. ಈಗ ಪುಸ್ತಕದಲ್ಲಿ ಎರಡೂ ವಾಕ್ಯ ಇವೆ, ನನ್ನದು ನನ್ನ ಹೆಸರಲ್ಲಿ, ಅವನದು ಅವನ ಹೆಸರಲ್ಲಿ.

ಭಾಷೆಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ, ಕನ್ನಡ ಮೇಡಂ ಆಗಿದ್ದವಳು ನೋಡಿ. ನನ್ನ ಮೊದಲ ಕರಡಿನಲ್ಲಿ ‘ತಂದೆಯವರು ಅಸ್ವಸ್ಥರಾದರು’ ಅಂತ ಇತ್ತು. ಪ್ರಬಂಧ ತಿದ್ದಿ ತಿದ್ದಿ ಕೈ ಹಾಗೆ ಕೂತುಬಿಟ್ಟಿತ್ತು. ಆ ವಾಕ್ಯದಲ್ಲಿ ಯಾರ ತಂದೆಯನ್ನು ಬೇಕಾದರೂ ಕೂರಿಸಬಹುದು. ‘ಅಪ್ಪನಿಗೆ ಹುಷಾರಿರಲಿಲ್ಲ’ ಅಂತ ತಿದ್ದಿದೆ. ಆಗ ಅದು ನಮ್ಮ ಮನೆ ಆಯಿತು. ಇನ್ನೂ ಕಷ್ಟದ ಪ್ರಶ್ನೆ ಕ್ರಿಯಾಪದದ್ದು. ನಮ್ಮ ಮನೆಯಲ್ಲಿ ಅಪ್ಪ ಬಂದರು, ಅಮ್ಮ ಬಂದಳು. ಬರೆಯುವಾಗ ಅಮ್ಮನಿಗೂ ‘ಬಂದರು’ ಅನ್ನಬೇಕಾ? ಎರಡು ವಾರ ಇದನ್ನೇ ಯೋಚಿಸಿದೆ. ಅಮ್ಮನಿಗೆ ‘ರು’ ಹಾಕಿ ಒಂದು ಅಧ್ಯಾಯ ಬರೆದೂ ನೋಡಿದೆ. ಯಾರೋ ನೆಂಟರ ಹೆಂಗಸು ಬಂದು ಕೂತ ಹಾಗಿತ್ತು. ಮತ್ತೆ ‘ಳು’ ಮಾಡಿದೆ. ಅಮ್ಮನನ್ನು ಏಕವಚನದಲ್ಲಿ ಕರೆಯುವುದರಲ್ಲಿ ಪ್ರೀತಿಯೂ ಇದೆ, ಮನೆಯಲ್ಲಿ ಅವಳ ಜಾಗ ಎಲ್ಲಿತ್ತು ಅನ್ನುವುದೂ ಇದೆ. ಎರಡೂ ಕಾಣಲಿ ಅಂತ ಬಿಟ್ಟೆ.

ಕರಡನ್ನು ಎಷ್ಟು ದಿನ ಇಟ್ಟುಕೊಳ್ಳಬೇಕು ಅಂತ ಇನ್ನೊಂದು ಚೀಟಿ ಇದೆ. ಇದಕ್ಕೆ ನಮ್ಮೂರಿನ ಉದಾಹರಣೆ ಕೊಡುತ್ತೇನೆ. ಉಂಡೆ ಕೊಬ್ಬರಿ ಹೇಗೆ ಆಗುತ್ತದೆ ಅಂತ ಇಲ್ಲಿ ಕೆಲವರಿಗೆ ಗೊತ್ತಿರುತ್ತದೆ. ಬಲಿತ ಕಾಯನ್ನು ಸುಲಿಯದೆ ಅಟ್ಟದ ಮೇಲೆ ಹಾಕುತ್ತಾರೆ. ಹತ್ತು ತಿಂಗಳು, ಹನ್ನೊಂದು ತಿಂಗಳು, ಸುಮ್ನೆ ಬಿಡುತ್ತಾರೆ. ಒಳಗಿನ ನೀರು ನಿಧಾನಕ್ಕೆ ಆರುತ್ತದೆ. ಕಾಯಿ ಒಣಗುತ್ತಾ ಒಣಗುತ್ತಾ ಚಿಪ್ಪನ್ನು ಬಿಡುತ್ತದೆ. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಒಳಗೆ ಗಡಗಡ ಅನ್ನಬೇಕು, ಆಗ ಒಡೆದರೆ ಕೊಬ್ಬರಿ ಇಡಿಯಾಗಿ ಬರುತ್ತದೆ. ಅವಸರಕ್ಕೆ ಒಡೆದರೆ ಚಿಪ್ಪಿಗೆ ಅಂಟಿಕೊಂಡಿರುತ್ತದೆ, ಚೂರು ಚೂರಾಗಿ ಎಬ್ಬಬೇಕು. ಅಮ್ಮ ತೀರಿಕೊಂಡ ದಿನದ ಬಗ್ಗೆ ನಾನು ಮೊದಲ ಸಲ ಬರೆದದ್ದು ಅಂಟಿಕೊಂಡಿತ್ತು. ಎತ್ತಿಟ್ಟೆ. ವರ್ಷದ ಮೇಲೆ ತೆಗೆದಾಗ ಒಂಬತ್ತು ಪುಟದಲ್ಲಿ ಒಂದೂವರೆ ಪುಟ ಉಳಿಯಿತು.

ಆ ಮೊದಲ ಕರಡನ್ನು ಒಬ್ಬ ಪ್ರಕಾಶಕರಿಗೆ ಕೊಟ್ಟಿದ್ದೆ. ಓದಿದರು. ‘ಬಡತನ ಇನ್ನೂ ಸ್ವಲ್ಪ ಜಾಸ್ತಿ ಬರಲಿ ಮೇಡಂ, ಓದುಗರಿಗೆ ತಟ್ಟಬೇಕು’ ಅಂದರು. ಎರಡು ದಿನ ಊಟ ಸೇರಲಿಲ್ಲ. ನಮ್ಮ ಮನೆಯಲ್ಲಿ ಬಡತನ ಇತ್ತು, ನಿಜ. ಆದರೆ ಇದ್ದಷ್ಟು ಇತ್ತು. ಅಪ್ಪ ಒಂದು ಇಂಚಿನ ಎಂಟನೇ ಒಂದು ಭಾಗವನ್ನೂ ಬರೆದಿಡುತ್ತಿದ್ದ ಮನುಷ್ಯ. ಅವರ ಮಗಳು ಬಡತನವನ್ನು ಕಣ್ಣಳತೆಯಲ್ಲಿ ಜಾಸ್ತಿ ಮಾಡಲಾರಳು. ಕರಡನ್ನು ವಾಪಸ್ ತಂದೆ.

ನೆನಪು ನಮ್ಮ ತಲೆಯೊಳಗೆ ಇರುತ್ತದೆ ಅಂದುಕೊಳ್ಳುತ್ತೇವೆ. ಬದುಕಿನ ಎಷ್ಟೋ ದೊಡ್ಡ ಸಂಗತಿಗಳು ಬೇರೆಯವರ ಹತ್ತಿರ ಇರುತ್ತವೆ. ಗಿರೀಶ ಕಾರ್ನಾಡರ ‘ಆಡಾಡತ ಆಯುಷ್ಯ’ 2011ರಲ್ಲಿ ಬಂತು. ಅದರ ಅರ್ಪಣೆಯನ್ನು ಓದಿ ನಾನು ಬಹಳ ಹೊತ್ತು ಮುಂದಿನ ಪುಟ ತಿರುಗಿಸಲಿಲ್ಲ. 1973ರಲ್ಲಿ ಧಾರವಾಡದ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಅವರ ತಾಯಿ ಒಂದು ಮಾತು ಆಡಿಬಿಡುತ್ತಾರೆ: ಈ ಮಗ ಬೇಡ ಅಂದುಕೊಂಡಿದ್ದೆವು ಅಂತ. ಗರ್ಭ ತೆಗೆಸಲು ಪುಣೆಯಲ್ಲಿ ಡಾಕ್ಟರ ಹತ್ತಿರ ಹೋಗಿದ್ದಾರೆ, ಕಾದಿದ್ದಾರೆ, ಡಾಕ್ಟರ್ ಬರಲಿಲ್ಲ, ವಾಪಸಾಗಿದ್ದಾರೆ. ಆ ಡಾಕ್ಟರ್ ಮಧುಮಾಲತಿ ಗುಣೆಯವರಿಗೇ ಪುಸ್ತಕ ಅರ್ಪಣೆಯಾಗಿದೆ. ಯೋಚಿಸಿ. ಮೂವತ್ತೈದರ ಆಸುಪಾಸಿನ ಮಗ, ಆ ಹೊತ್ತಿಗೆ ದೇಶಕ್ಕೆಲ್ಲ ಗೊತ್ತಿರುವ ನಾಟಕಕಾರ. ತಾನು ಹುಟ್ಟದೇ ಹೋಗಬಹುದಿತ್ತು ಅನ್ನುವ ಸಂಗತಿ ಅಲ್ಲಿಯವರೆಗೆ ಅಮ್ಮನ ಬಾಯಲ್ಲಿತ್ತು. ಅವರು ಆ ದಿನ ಊಟಕ್ಕೆ ಬೇರೆ ಕಡೆ ಹೋಗಿದ್ದರೆ?

ಡಿ.ವಿ.ಜಿ. ‘ಜ್ಞಾಪಕ ಚಿತ್ರಶಾಲೆ’ ಅಂತ ಎಂಟು ಸಂಪುಟ ಬರೆದರು. ಅದರ ತುಂಬ ಇರುವವರು ಬೇರೆಯವರು. ದಿವಾನರು, ವಿದ್ವಾಂಸರು, ಹಾಡುವವರು, ಊರಿನ ಹಿರಿಯರು. ಆ ಸಂಪುಟಗಳನ್ನು ನಾನು ಬರೆಯುವುದಕ್ಕೆ ಮುಂಚೆ ಓದಿದ್ದೆ, ಬರೆಯುತ್ತಾ ಮತ್ತೆ ಓದಿದೆ. ಎರಡನೇ ಸಲ ಓದುವಾಗ, ಒಬ್ಬ ಮನುಷ್ಯನ ಬಗ್ಗೆ ಬರೆಯಲು ಡಿ.ವಿ.ಜಿ. ಎಷ್ಟು ಸಣ್ಣ ಸಂಗತಿಗಳನ್ನು ಎತ್ತಿಟ್ಟುಕೊಂಡಿದ್ದರು ಅನ್ನುವುದೇ ಕಣ್ಣಿಗೆ ಬಿತ್ತು.

ಇನ್ನು ಅಮ್ಮನ ವಿಷಯ. ನಾನು ಇವತ್ತು ಬಂದದ್ದೇ ಇದನ್ನು ಹೇಳಲಿಕ್ಕೆ.

ಅಪ್ಪನ ಅಳತೆ ಪುಸ್ತಕದಲ್ಲಿ ಊರೆಲ್ಲ ಇದೆ. ಅಮ್ಮ ಇಲ್ಲ. ಅವಳ ಕುಪ್ಪಸದ ಅಳತೆ ಅಪ್ಪ ಬರೆದಿಟ್ಟಿರಲಿಲ್ಲ, ಬೇಕಾಗಿರಲಿಲ್ಲ. ಅಮ್ಮನಿಗೆ ಓದು ಬರಹ ಇರಲಿಲ್ಲ, ಹಾಗಾಗಿ ಅವಳು ಬರೆದದ್ದೂ ಇಲ್ಲ. 1999ರಲ್ಲಿ ಹೋದಳು. ಮನೆಗೆಲಸ ಮುಗಿಸಿ, ನಾವು ಮಲಗಿದ ಮೇಲೂ ಕೂತು ಅಂಗಡಿಯ ಅಂಗಿಗಳಿಗೆ ಕಾಜ ಹಾಕುತ್ತಿದ್ದಳು, ಗುಂಡಿ ಹೊಲಿಯುತ್ತಿದ್ದಳು. ಅವಳ ಬಗ್ಗೆ ನಾನು ಒಂದು ಇಡೀ ಅಧ್ಯಾಯ ಬರೆದೆ. ಅದರ ಮೊದಲ ವಾಕ್ಯ: ‘ಅಮ್ಮ ಲೆಕ್ಕವಿಡದೆ ದುಡಿದಳು.’ 2022ರಲ್ಲಿ ಪುಸ್ತಕ ಬಂದಾಗ ಎಲ್ಲರೂ ಎತ್ತಿ ಹೇಳಿದ್ದು ಈ ವಾಕ್ಯವನ್ನೇ. ಸಭೆಗಳಲ್ಲಿ ಓದಿದರು. ಕಣ್ಣೀರು ಬಂತು ಅಂದವರಿದ್ದರು.

ಒಂದು ಊರಿನಲ್ಲಿ ಮಾತು ಮುಗಿಸಿದಾಗ ಒಬ್ಬ ಹುಡುಗಿ ಎದ್ದು ಕೇಳಿದಳು. ‘ಮೇಡಂ, ಕಾಜ ಹೇಗೆ ಹಾಕ್ತಾರೆ?’ ನನಗೆ ಹೇಳಲು ಬರಲಿಲ್ಲ. ಪುಸ್ತಕದ ತುಂಬ ಕಾಜ ಕಾಜ ಅಂತ ಬರೆದಿದ್ದೆ. ಅದನ್ನು ಹೇಗೆ ಹಾಕುತ್ತಾರೆ ಅನ್ನುವ ಒಂದು ಸಾಲು ಎಲ್ಲೂ ಇರಲಿಲ್ಲ. ನೋಡುತ್ತಾ ಬೆಳೆದವಳು, ಆದರೆ ಕೈಗೆ ಗೊತ್ತಿರಲಿಲ್ಲ.

ನಮ್ಮ ಮನೆ ಹತ್ತಿರ ಒಬ್ಬ ಹೆಣ್ಣುಮಗಳು ಬ್ಲೌಸ್ ಹೊಲಿಯುತ್ತಾಳೆ. ಈಗ ಕಾಜ ಮೆಷಿನ್ನಿನಲ್ಲೇ ಆಗುತ್ತದೆ, ಆದರೆ ಅವಳಿಗೆ ಕೈಕಾಜ ಬರುತ್ತಿತ್ತು. ಹಳೇ ಅಂಗಿಯೊಂದನ್ನು ತೆಗೆದುಕೊಂಡು ಹೋಗಿ ಅವಳ ಪಕ್ಕ ಕೂತೆ. ಮೊದಲು ಸೀಮೆಸುಣ್ಣದಲ್ಲಿ ಗುಂಡಿಗಿಂತ ಚೂರು ಉದ್ದಕ್ಕೆ ಗುರುತು. ಚೂಪು ಕತ್ತರಿಯಲ್ಲಿ ಸೀಳಬೇಕು, ಒಂದು ಎಳೆ ಹೆಚ್ಚು ಸೀಳಿದರೂ ಅಂಗಿ ಕೆಟ್ಟಿತು. ಸೀಳಿದ ಅಂಚಿಗೆ ಕೆಳಗಿನಿಂದ ಸೂಜಿ ಚುಚ್ಚಿ, ಸೂಜಿಯ ತುದಿಗೆ ದಾರ ಸುತ್ತಿ ಎಳೆದರೆ ಅಂಚಿನ ಮೇಲೆ ರಾಗಿ ಕಾಳಿಗಿಂತ ಸಣ್ಣ ಗಂಟು ಕೂರುತ್ತದೆ. ಅದಕ್ಕೆ ಒತ್ತಿಕೊಂಡು ಇನ್ನೊಂದು. ಹಾಗೇ ಸುತ್ತಲೂ. ಗಂಟುಗಳ ನಡುವೆ ಜಾಗ ಬಿಟ್ಟರೆ ನಾಲ್ಕು ಒಗೆತಕ್ಕೆ ಎಳೆ ಬಿಚ್ಚಿಕೊಳ್ಳುತ್ತದೆ. ಎಳೆಯುವಾಗ ಬಲ ಜಾಸ್ತಿಯಾದರೆ ಬಟ್ಟೆ ಸುಕ್ಕಾಗುತ್ತದೆ. ನನ್ನ ಮೊದಲ ಕಾಜಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒಂದು ನೋವು ಶುರುವಾಯಿತು. ಅಮ್ಮ ರಾತ್ರಿ ಹೊತ್ತು ಅದೇ ಜಾಗವನ್ನು ಉಜ್ಜಿಕೊಳ್ಳುತ್ತಿದ್ದದ್ದು ಆಗ ನೆನಪಾಯಿತು. ಅದಕ್ಕೆ ಮುಂಚೆ ಒಂದು ಸಲವೂ ನೆನಪಾಗಿರಲಿಲ್ಲ.

ಹದಿನೈದು ದಿನಕ್ಕೆ ಆ ಅಂಗಿ ಮುಗಿಯಿತು. ‘ಎಷ್ಟಾಯ್ತು ಮೇಡಂ?’ ಅಂತ ಕೇಳಿದಳು. ಎಣಿಸಿದೆ. ಕಾಲರಿನ ಹತ್ತಿರ ಒಂದು, ಅದರ ಕೆಳಗೆ ಆರು.

‘ಏಳು’ ಅಂದೆ. ಅಂದವಳೇ ಸುಮ್ಮನಾದೆ.

ಅಳತೆ ಪುಸ್ತಕದ ಕೊನೆಯ ಪುಟಗಳಲ್ಲಿ, ಪುಸ್ತಕವನ್ನು ತಿರುವಿ ಹಿಡಿದರೆ, ಪೆನ್ಸಿಲಿನ ಗೀಟುಗಳಿವೆ. ಏಳೇಳರ ಗುಂಪು. ನಾನು ಅವನ್ನು ವಾರಗಳು ಅಂದುಕೊಂಡಿದ್ದೆ. ಹೊಲಿಗೆ ಮೆಷಿನ್ನಿಗೆ ಅಪ್ಪ ಸಾಲ ಮಾಡಿದ್ದ ಕಾಲ ಅದು. ‘ಸಾಲ ತೀರುವ ದಿನಕ್ಕಾಗಿ ಅಪ್ಪ ವಾರಗಳನ್ನು ಎಣಿಸುತ್ತಿದ್ದರು’ ಅಂತ ಒಂದು ಪ್ಯಾರಾ ಬರೆದಿದ್ದೆ. ಚೆನ್ನಾಗಿ ಬಂದಿತ್ತು. ಆದರೆ ಆ ಪುಟಗಳಲ್ಲಿ ನಡುನಡುವೆ ಒಂಬತ್ತು ಗೀಟಿನ ಗುಂಪುಗಳೂ ಇದ್ದವು. ಒಂಬತ್ತು ದಿನದ ವಾರ ಇರುವುದಿಲ್ಲ. ಅವನ್ನು ನಾನು ನೋಡಿದ್ದೆ. ಕೈತಪ್ಪು ಅಂತ ಸಮಾಧಾನ ಮಾಡಿಕೊಂಡು, ಓದುಗರಿಗೆ ಹೇಳದೆ ಬಿಟ್ಟಿದ್ದೆ. ನನ್ನ ಪ್ಯಾರಾಕ್ಕೆ ಅವು ಅಡ್ಡ ಬರುತ್ತಿದ್ದವು. ಬರೆಯುವವಳಾಗಿ ನಾನು ಮಾಡಿದ ದೊಡ್ಡ ತಪ್ಪು ಇದು, ನಿಮ್ಮ ಮುಂದೆ ಹೇಳುತ್ತಿದ್ದೇನೆ.

ಅರ್ಧ ತೋಳಿನ ಅಂಗಿಗೆ ಏಳು ಕಾಜ. ತುಂಬು ತೋಳಿನದಾದರೆ ಕೈಗೆ ಒಂದೊಂದು ಸೇರಿ ಒಂಬತ್ತು.

ಮನೆಗೆ ಬಂದು ಪುಸ್ತಕ ತೆಗೆದೆ. ಮುಂದಿನ ಪುಟಗಳಲ್ಲಿ ಅಪ್ಪನದು ಶಾಯಿ ಪೆನ್ನು. ಹಿಂದಿನ ಗೀಟುಗಳು ಒತ್ತಿ ಒತ್ತಿ ಎಳೆದವು, ಪೆನ್ಸಿಲ್ ಹಿಡಿದು ರೂಢಿ ಇಲ್ಲದ ಕೈ. ಎಣಿಸಿದೆ. ಏಳರ ಗುಂಪು 187. ಒಂಬತ್ತರ ಗುಂಪು 25. ಒಟ್ಟು 212 ಅಂಗಿ, 1,534 ಕಾಜ.

ಅಮ್ಮನ ಅಕ್ಕ, ನಮ್ಮ ದೊಡ್ಡಮ್ಮ, ತಿಪಟೂರಿನ ಹತ್ತಿರ ಹಳ್ಳಿಯಲ್ಲಿದ್ದಾರೆ. 86 ವರ್ಷ. ಮಾರನೇ ದಿನವೇ ಬಸ್ ಹತ್ತಿದೆ. ಪುಸ್ತಕ ತೋರಿಸಿದರೆ ಅವರಿಗೆ ಆಶ್ಚರ್ಯವೇ ಆಗಲಿಲ್ಲ. ‘ಇನ್ನೇನು ಮತ್ತೆ, ಅವಳ ಲೆಕ್ಕ ಅಲ್ವಾ ಅದು’ ಅಂದರು. ಅಂಗಡಿಯಿಂದ ಬೇರೆ ಹೆಂಗಸರಿಗೂ ಕಾಜಕ್ಕೆ ಬಟ್ಟೆ ಹೋಗುತ್ತಿತ್ತು. ಅಂಗಿಗೆ ನಾಲ್ಕಾಣೆ. ‘ಅವರಿಗೆ ಕೊಡೋದು ನನಗೂ ಕೊಡಿ ಅಂತ ನಿಮ್ಮಪ್ಪನ ಹತ್ತಿರ ಜಗಳ ಆಡಿ ತಗೋತಿದ್ಲು ಕಣೇ. ಒಂದು ಅಂಗಿ ಬಿಡ್ತಿರಲಿಲ್ಲ.’

ಲೆಕ್ಕವಿಡದೆ ದುಡಿದಳು ಅಂತ ನಾನು ಬರೆದ ಅಮ್ಮ, ಒಂದೊಂದು ತೂತಿಗೂ ಒಂದೊಂದು ಗೀಟು ಎಳೆದಿದ್ದಳು. ಅಪ್ಪನ ಅಳತೆ ಪುಸ್ತಕದಲ್ಲೇ, ಹಿಂದುಗಡೆಯಿಂದ. ನಾನು ಅದನ್ನೂ ಅಪ್ಪನ ಲೆಕ್ಕಕ್ಕೆ ಹಾಕಿಬಿಟ್ಟಿದ್ದೆ.

2024ರ ಎರಡನೇ ಮುದ್ರಣದಲ್ಲಿ ಆ ವಾಕ್ಯ ಇಲ್ಲ. ವಾರಗಳ ಪ್ಯಾರಾ ಕೂಡ ಇಲ್ಲ. ಅವೆರಡೂ ಎಲ್ಲಿ ಹೋದವು ಅಂತ ಕೇಳಿ ಪತ್ರ ಬರೆದವರಿದ್ದಾರೆ, ಅದಕ್ಕೇ ಇವತ್ತು ಇಷ್ಟು ವಿವರವಾಗಿ ಹೇಳಿದೆ. ಅಧ್ಯಾಯ ಈಗ ಕಾಜ ಹಾಕುವ ಕ್ರಮದಿಂದ ಶುರುವಾಗುತ್ತದೆ.

ಆ ದಿನ ದೊಡ್ಡಮ್ಮನ ಜಗುಲಿಯಲ್ಲಿ ಕೂತು ಲೆಕ್ಕ ಹಾಕಿದೆವು. 212 ನಾಲ್ಕಾಣೆ, 53 ರೂಪಾಯಿ. ‘ಆ ದುಡ್ಡು ಏನ್ ಮಾಡ್ತಿದ್ಲು ದೊಡ್ಡಮ್ಮ?’ ಅಂತ ಕೇಳಿದೆ. ನನ್ನ ಮನಸ್ಸಿನಲ್ಲಿ ಉತ್ತರ ಆಗಲೇ ತಯಾರಿತ್ತು. ನನ್ನ ಸ್ಕೂಲಿನ ಫೀಸು, ಅಣ್ಣನ ಔಷಧಿ, ಇಂಥದ್ದೇನೋ.

ದೊಡ್ಡಮ್ಮ ಬಾಗಿಲ ಕಡೆ ನೋಡಿ, ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ನನ್ನ ಹತ್ತಿರಕ್ಕೆ ಜರುಗಿದರು. ‘ಮ್ಯಾಟಿನಿ ನೋಡ್ತಿದ್ವಿ. ನೀವು ಸ್ಕೂಲಿಗೆ ಹೋದ ಮೇಲೆ. ನಾನು ಸಂತೆಗೆ ಅಂತ ಬರ್ತಿದ್ದೆ, ಅವಳು ಕಾಯ್ತಾ ನಿಂತಿರೋಳು.’

‘ಇದನ್ನ ಬರೀಲಾ?’ ಅಂದೆ.

ಸ್ವಲ್ಪ ಹೊತ್ತು ಯೋಚಿಸಿದರು.

‘ಬರಿ. ಟಿಕೆಟ್ ದುಡ್ಡು ಇಬ್ಬರದೂ ಅವಳೇ ಕೊಡ್ತಿದ್ಲು ಅಂತಾನೂ ಬರಿ.’